ತಪ್ಪುಗಳ ಲೆಕ್ಕಕ್ಕೊಂದು ಸಭೆ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಕಾಲೇಜಿಗೆ ಬರವಿಲ್ಲ. ಪುತ್ತೂರಿನ ಸಂತ ಫಿಲೋಮಿನಾ ಕಾಲೇಜು ಶುರುವಾದದ್ದು 1958ರಲ್ಲಿ, ವಿವೇಕಾನಂದ ಕಾಲೇಜು 1965ರಲ್ಲಿ. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು ನೆಹರು ಮೆಮೋರಿಯಲ್ ಕಾಲೇಜನ್ನು ಕಟ್ಟಿದ್ದು 1976ರಲ್ಲಿ. ಆಮೇಲೆ ಉಪ್ಪಿನಂಗಡಿ, ಬೆಳ್ಳಾರೆಗಳಿಗೆ ಸರ್ಕಾರಿ ಪ್ರಥಮದರ್ಜೆ ಕಾಲೇಜು ಬಂತು. ರಾಮಕುಂಜ, ಸುಬ್ರಹ್ಮಣ್ಯಗಳೂ ಕಾಲೇಜಿನ ಊರುಗಳಾದವು. ಪದವಿಪೂರ್ವ ಕಾಲೇಜುಗಳಂತೂ ಇವಕ್ಕಿಂತ ಹೆಚ್ಚು. ಹಳ್ಳಿಯ ಹುಡುಗಿಯೊಬ್ಬಳು ಬೆಳಗಿನ ಬಸ್ಸು ಹಿಡಿದು ಸಂಜೆ ಮನೆಗೆ ಮರಳುವಷ್ಟು ಹತ್ತಿರಕ್ಕೆ ಉನ್ನತ ಶಿಕ್ಷಣ ಬಂದಿದೆ. ಆದರೆ ಇಂಥ ಸಣ್ಣ ಕಾಲೇಜುಗಳ ಗಣಿತ ವಿಭಾಗಕ್ಕೆ ಹೋಗಿ ನೋಡಿದರೆ ಅಲ್ಲಿ ಅನೇಕ ಕಡೆ ಇರುವವರು ಒಬ್ಬರೇ, ಹೆಚ್ಚೆಂದರೆ ಇಬ್ಬರು. ತಮ್ಮ ಪಾಠದ ಬಗ್ಗೆ ಬಲ್ಲವರೊಡನೆ ಚರ್ಚಿಸಬೇಕೆಂದರೆ ಪಕ್ಕದ ಕುರ್ಚಿಯಲ್ಲಿ ಯಾರೂ ಇರುವುದಿಲ್ಲ. ವರ್ಷದಲ್ಲಿ ಅವರೆಲ್ಲ ಹತ್ತಾರು ಜನ ಒಂದೇ ಸೂರಿನಡಿ ಸೇರುವುದು ಬಹುಮಟ್ಟಿಗೆ ಒಂದೇ ಸಂದರ್ಭದಲ್ಲಿ: ಪರೀಕ್ಷೆ ಮುಗಿದ ಮೇಲಿನ ಮೌಲ್ಯಮಾಪನ ಕೇಂದ್ರದಲ್ಲಿ. ಗಣಿತ ಬೋಧನೆಗೆ ಬೇಕಾದ ಅತ್ಯಂತ ಬೆಲೆಬಾಳುವ ತಿಳಿವಳಿಕೆ ಹುಟ್ಟುವುದು ಅಲ್ಲಿಯೇ, ಪೋಲಾಗುವುದೂ ಅಲ್ಲಿಯೇ. ಅದನ್ನು ಪೋಲಾಗದಂತೆ ಹಿಡಿದಿಡಲು ಈ ಮೂರು ತಾಲ್ಲೂಕುಗಳ ಮಟ್ಟದಲ್ಲಿ, ವಿದ್ಯಾರ್ಥಿಗಳ ತಪ್ಪುಗಳನ್ನೇ ವಿಷಯವಾಗಿಟ್ಟುಕೊಂಡ ಒಂದು ಚಿಕ್ಕ ಸಭೆ ಬೇಕು ಎಂಬುದು ಈ ಲೇಖನದ ವಾದ.

ಹೊರಗಿನ ಒಂದು ಉದಾಹರಣೆ ನೋಡೋಣ. ಅಮೆರಿಕದಲ್ಲಿ ‘ಕಮ್ಯುನಿಟಿ ಕಾಲೇಜು’ ಎಂಬ ಎರಡು ವರ್ಷದ ಕಾಲೇಜುಗಳಿವೆ. ಶುಲ್ಕ ಕಡಿಮೆ, ಮನೆಗೆ ಹತ್ತಿರ, ಓದಿನ ಹಿನ್ನೆಲೆ ಇಲ್ಲದ ಮನೆಗಳ ಮಕ್ಕಳಿಗೂ ಬಾಗಿಲು ತೆರೆದಿರುತ್ತದೆ. ನಮ್ಮ ಪಿಯು ಕಾಲೇಜು ಮತ್ತು ಪ್ರಥಮದರ್ಜೆ ಕಾಲೇಜುಗಳು ಸೇರಿ ಮಾಡುವ ಕೆಲಸಕ್ಕೆ ಅದು ಸಾಕಷ್ಟು ಹತ್ತಿರ. ಅಲ್ಲಿನ ಗಣಿತ ಅಧ್ಯಾಪಕರ ಪಾಡೂ ಇಲ್ಲಿನಂತೆಯೇ ಇತ್ತು. ವಿಶ್ವವಿದ್ಯಾಲಯದವರ ಸಂಘದಲ್ಲಿ ಮಾತೆಲ್ಲ ಸಂಶೋಧನೆಯದು, ಶಾಲಾ ಶಿಕ್ಷಕರ ಸಂಘದಲ್ಲಿ ಶಾಲೆಯದು. ಇವೆರಡರ ನಡುವೆ ಇದ್ದವರಿಗೆ ತಮ್ಮದೆನ್ನುವ ಜಾಗವಿರಲಿಲ್ಲ. ಅವರು 1974ರಲ್ಲಿ ಎರಡು ವರ್ಷದ ಕಾಲೇಜುಗಳ ಗಣಿತ ಅಧ್ಯಾಪಕರದ್ದೇ ಆದ ಸಂಘ ಕಟ್ಟಿಕೊಂಡರು. ರಾಷ್ಟ್ರಮಟ್ಟದ ವಾರ್ಷಿಕ ಸಮ್ಮೇಳನದಷ್ಟಕ್ಕೆ ನಿಲ್ಲದೆ ದೇಶವನ್ನು ವಲಯಗಳಾಗಿ ಹಂಚಿ, ರಾಜ್ಯವಾರು ಅಂಗಸಂಸ್ಥೆಗಳನ್ನು ಬೆಳೆಸಿದರು. ದೂರದ ದೊಡ್ಡ ಸಮ್ಮೇಳನಕ್ಕೆ ಹೋಗಲಾಗದವರೂ ಕಾರಿನಲ್ಲಿ ಕೆಲವು ತಾಸು ಓಡಿಸಿಕೊಂಡು ಹತ್ತಿರದ ಸಭೆಗೆ ಹೋಗಬಹುದು. ಸಣ್ಣ ಕಾಲೇಜಿನ ಅಧ್ಯಾಪಕರಿಗೆ ಕೈಗೆಟಕುವ ದೂರದಲ್ಲಿ ತಮ್ಮದೇ ಕಸುಬಿನವರ ಕೂಟ ಬೇಕು ಎಂಬುದೇ ಅದರ ಹಿಂದಿನ ವಿಚಾರ.

ಇದನ್ನು ಅಮೆರಿಕದಿಂದ ಕಲಿಯಬೇಕಾದ ಅಗತ್ಯವೂ ನಮಗಿಲ್ಲ. ಭಾರತೀಯ ಗಣಿತ ಸಂಘ 1907ರಲ್ಲಿ ಹುಟ್ಟಿದ್ದು ಒಂಟಿತನಕ್ಕೆ ಮದ್ದಾಗಿಯೇ. ಅನಂತಪುರ ಜಿಲ್ಲೆಯ ಗುತ್ತಿಯಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದ ವಿ. ರಾಮಸ್ವಾಮಿ ಅಯ್ಯರ್ ಅವರಿಗೆ ಗಣಿತದ ಹುಚ್ಚು. ಹೊಸ ಪುಸ್ತಕ, ಪತ್ರಿಕೆಗಳು ಮಾತ್ರ ಕೈಗೆ ಸಿಗುತ್ತಿರಲಿಲ್ಲ. ದೂರದೂರದ ಊರುಗಳಲ್ಲಿ ಚದುರಿಹೋಗಿದ್ದ ಕೆಲವರಿಗೆ ಕಾಗದ ಬರೆದು, ಎಲ್ಲರೂ ಚಂದಾ ಹಾಕಿ ಪತ್ರಿಕೆ ತರಿಸಿ ಹಂಚಿಕೊಂಡು ಓದೋಣ ಎಂದರು. ‘ಅನಲಿಟಿಕ್ ಕ್ಲಬ್’ ಎಂಬ ಹೆಸರಿನಲ್ಲಿ ಶುರುವಾದ ಆ ಪುಟ್ಟ ಕೂಟವೇ ಮುಂದೆ ಸಂಘವಾಯಿತು. ಅದರ ಪತ್ರಿಕೆಯಲ್ಲಿ 1911ರಲ್ಲಿ ಶ್ರೀನಿವಾಸ ರಾಮಾನುಜನ್ ಅವರ ಮೊದಲ ಪ್ರಬಂಧ ಅಚ್ಚಾಯಿತು. 1965ರಲ್ಲಿ ಮದ್ರಾಸಿನಲ್ಲಿ ಭಾರತೀಯ ಗಣಿತ ಅಧ್ಯಾಪಕರ ಸಂಘ ಹುಟ್ಟಿತು, 1993ರಲ್ಲಿ ಎಸ್. ಕುಮಾರೇಶನ್ ಅವರು ಗಣಿತ ತರಬೇತಿ ಮತ್ತು ಪ್ರತಿಭಾನ್ವೇಷಣೆಯ ಬೇಸಿಗೆ ಶಿಬಿರಗಳನ್ನು ಆರಂಭಿಸಿದರು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಇವು ಮುಟ್ಟುವುದು ಹುಡುಕಿಕೊಂಡು ಹೋಗುವ ಉತ್ಸಾಹಿಗಳನ್ನು. ಬೆಳ್ಳಾರೆಯಲ್ಲೋ ರಾಮಕುಂಜದಲ್ಲೋ ಬಿ.ಎಸ್ಸಿ., ಬಿ.ಸಿ.ಎ., ಬಿ.ಕಾಂ. ತರಗತಿಗಳಿಗೆಲ್ಲ ಒಬ್ಬರೇ ಓಡಾಡುವ ಅಧ್ಯಾಪಕರ ದಿನನಿತ್ಯದ ತೊಡಕು ಅವುಗಳ ಕಾರ್ಯಸೂಚಿಗೆ ಬರುವುದು ಅಪರೂಪ.

ಮೌಲ್ಯಮಾಪನ ಕೇಂದ್ರದಲ್ಲಿ ಏನಾಗುತ್ತದೆ ಎಂಬುದನ್ನು ಈಗ ವಿವರವಾಗಿ ನೋಡಬೇಕು. ಮಾದರಿ ಉತ್ತರವನ್ನು ಮುಂದಿಟ್ಟುಕೊಂಡು, ಯಾವ ಹೆಜ್ಜೆಗೆ ಎಷ್ಟು ಅಂಕ ಎಂದು ಮೊದಲು ಚರ್ಚೆಯಾಗುತ್ತದೆ. ಆಮೇಲೆ ಕಟ್ಟು ಕಟ್ಟು ಉತ್ತರಪತ್ರಿಕೆಗಳು. ನೂರಾರು ಪತ್ರಿಕೆ ನೋಡುವಷ್ಟರಲ್ಲಿ ಯಾವ ಅಧ್ಯಾಪಕರಿಗೂ ಒಂದು ಸಂಗತಿ ಕಾಣದೆ ಇರದು: ಮಕ್ಕಳು ಹೇಗೆಂದರೆ ಹಾಗೆ ತಪ್ಪುವುದಿಲ್ಲ, ಒಂದೇ ರೀತಿಯಲ್ಲಿ ತಪ್ಪುತ್ತಾರೆ. ಎರಡು ಸಂಖ್ಯೆಗಳ ಮೊತ್ತದ ವರ್ಗವೆಂದರೆ ಅವುಗಳ ವರ್ಗಗಳ ಮೊತ್ತ ಎಂದು ಬರೆಯುವುದು ಇದರಲ್ಲಿ ತೀರ ಹಳೆಯದು. 3 ಮತ್ತು 4ನ್ನು ಕೂಡಿಸಿ ವರ್ಗ ಮಾಡಿದರೆ 49. ಬೇರೆ ಬೇರೆ ವರ್ಗ ಮಾಡಿ ಕೂಡಿಸಿದರೆ 25. ವರ್ಗಮೂಲದಲ್ಲೂ ಇದೇ ಕಥೆ: 9 ಮತ್ತು 16ರ ಮೊತ್ತದ ವರ್ಗಮೂಲ 5, ಆದರೆ 3ಕ್ಕೆ 4 ಸೇರಿಸಿ 7 ಎಂದು ಬರೆಯುವವರು ಬೇಕಾದಷ್ಟು. ತ್ರಿಕೋನಮಿತಿಗೆ ಬಂದರೆ ಎರಡು ಕೋನಗಳ ಮೊತ್ತದ ಸೈನ್ ಎಂದರೆ ಸೈನ್‌ಗಳ ಮೊತ್ತ ಎನ್ನುತ್ತಾರೆ. ಹಾಗಾದರೆ 30 ಮತ್ತು 60 ಡಿಗ್ರಿ ಸೇರಿ 90 ಡಿಗ್ರಿಯ ಸೈನ್ ಸುಮಾರು 1.37 ಆಗಬೇಕಾಗುತ್ತದೆ, ಸೈನ್ ಬೆಲೆ 1ನ್ನು ದಾಟುವಂತೆಯೇ ಇಲ್ಲವಲ್ಲ! ಲಾಗರಿದಮ್ಮಿನಲ್ಲೂ ಅದೇ ಹಾದಿ. ಮೇಲ್ನೋಟಕ್ಕೆ ನಾಲ್ಕು ಅಧ್ಯಾಯಗಳ ನಾಲ್ಕು ತಪ್ಪುಗಳು, ಬೇರು ಒಂದೇ. ಯಾವ ಕ್ರಿಯೆಯೇ ಆಗಲಿ, ಅದನ್ನು ಕೂಡುವ ಚಿಹ್ನೆಯ ಎರಡೂ ಬದಿಗೆ ಸಮನಾಗಿ ಹಂಚಬಹುದು ಎಂಬ ನಂಬಿಕೆ ಅದು. ಎರಡರಿಂದ ಗುಣಿಸುವಾಗ ಆ ನಂಬಿಕೆ ಸರಿ. ಅಲ್ಲಿ ಗೆದ್ದದ್ದನ್ನು ಮಕ್ಕಳು ಎಲ್ಲ ಕಡೆ ಹಚ್ಚುತ್ತಾರೆ.

ಈ ತಪ್ಪು ಒಂದು ತರಗತಿಯಲ್ಲಿ ಹುಟ್ಟಿ ಅಲ್ಲೇ ಸಾಯುವುದಿಲ್ಲ ಎಂಬುದು ಇನ್ನೂ ಮುಖ್ಯ. ಒಂಬತ್ತನೇ ತರಗತಿಯಲ್ಲಿ ಸೂತ್ರ ಬಾಯಿಪಾಠ ಮಾಡಿಸಿ ತಪ್ಪನ್ನು ಅದುಮಿಡುತ್ತೇವೆ. ಪಿಯುನಲ್ಲಿ ಅದು ಸೈನ್, ಲಾಗ್‌ಗಳ ವೇಷದಲ್ಲಿ ಬರುತ್ತದೆ. ಪದವಿಯಲ್ಲಿ ಮಾತೃಕೆಗಳ ಪಾಠದಲ್ಲಿ ಮತ್ತೆ ಎದ್ದು ನಿಲ್ಲುತ್ತದೆ. ಅಲ್ಲಂತೂ ಆಟ ತಿರುವುಮುರುವು. ಎರಡು ಮಾತೃಕೆಗಳ ಮೊತ್ತವನ್ನು ವರ್ಗ ಮಾಡುವಾಗ, ಶಾಲೆಯಲ್ಲಿ ಕಷ್ಟಪಟ್ಟು ಕಲಿತ ಸೂತ್ರದ ನಡುವಿನ ‘ಎರಡರಷ್ಟು ಗುಣಲಬ್ಧ’ವೂ ಸಾಮಾನ್ಯವಾಗಿ ತಪ್ಪು, ಏಕೆಂದರೆ ಮಾತೃಕೆಗಳಲ್ಲಿ ಗುಣಾಕಾರದ ಕ್ರಮ ಬದಲಾದರೆ ಉತ್ತರವೂ ಬದಲಾಗಬಹುದು. ಸೂತ್ರ ಎಲ್ಲಿಂದ ಬಂತು ಎಂದು ಒಮ್ಮೆ ಗುಣಿಸಿ ನೋಡಿದ ವಿದ್ಯಾರ್ಥಿ ಇಲ್ಲಿ ಪಾರಾಗುತ್ತಾನೆ, ಬಾಯಿಪಾಠದವನು ಬೀಳುತ್ತಾನೆ. ಪಿಯು ಅಧ್ಯಾಪಕರಿಗೆ ತಮ್ಮ ವಿದ್ಯಾರ್ಥಿ ಮುಂದೆ ಎಲ್ಲಿ ಬಿದ್ದ ಎಂಬುದು ತಿಳಿಯುವುದಿಲ್ಲ. ಪದವಿಯವರಿಗೆ ಅವನು ಹಿಂದೆ ಏನನ್ನು ಹೇಗೆ ಕಲಿತು ಬಂದ ಎಂಬುದು ತಿಳಿಯುವುದಿಲ್ಲ. ಕರ್ನಾಟಕದ ಪಿಯು ಗಣಿತ 2012-13ರಿಂದ ಎನ್‌ಸಿಇಆರ್‌ಟಿ ಪಠ್ಯವನ್ನು ಅನುಸರಿಸುತ್ತಿದೆ. 2022ರಲ್ಲಿ ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ ಹನ್ನೊಂದನೇ ತರಗತಿಯಿಂದ ಗಣಿತೀಯ ಅನುಗಮನ, ಅಂದರೆ ಇಂಡಕ್ಷನ್ ಅಧ್ಯಾಯವನ್ನೂ ಗಣಿತೀಯ ತರ್ಕದ ಅಧ್ಯಾಯವನ್ನೂ ಕೈಬಿಟ್ಟಿತು. ಪದವಿಯ ಸಂಖ್ಯಾಸಿದ್ಧಾಂತ, ಬೀಜಗಣಿತಗಳ ಸಾಧನೆಗಳಲ್ಲಿ ಇಂಡಕ್ಷನ್ ಹೆಜ್ಜೆಹೆಜ್ಜೆಗೂ ಬೇಕು. ಈ ಕಂದಕವನ್ನು ಯಾರು, ಯಾವ ವಾರ, ಎಷ್ಟು ಗಂಟೆಯಲ್ಲಿ ಮುಚ್ಚಬೇಕು ಎಂಬುದನ್ನು ಎರಡು ಕಡೆಯವರು ಎದುರುಬದುರು ಕೂತರೆ ಒಂದು ಮಧ್ಯಾಹ್ನದಲ್ಲಿ ತೀರ್ಮಾನಿಸಬಹುದು. ಕೂರದಿದ್ದರೆ ತೀರ್ಮಾನವಾಗುವುದೇ ಇಲ್ಲ.

ಅಧ್ಯಾಪಕರು ಹೀಗೆ ಕೂತು ಮಾತಾಡಿದರೆ ನಿಜಕ್ಕೂ ಪ್ರಯೋಜನವಿದೆಯೆ? 1999ರಲ್ಲಿ ಲಿಪಿಂಗ್ ಮಾ ಎಂಬ ಸಂಶೋಧಕಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಸಾಕ್ಷ್ಯ. ಆಕೆ ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಒಂದು ಲೆಕ್ಕವನ್ನು ಕೊಟ್ಟು ಮಾತಾಡಿಸಿದರು: ಒಂದೂ ಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಅದಕ್ಕೆ ಹೊಂದುವ ಒಂದು ಕಥೆಯ ಲೆಕ್ಕ ಹೇಳಿ. ಚೀನಾದ ಶಿಕ್ಷಕರೆಲ್ಲ ಸರಿಯುತ್ತರ ತೆಗೆದರು, ಹತ್ತರಲ್ಲಿ ಒಂಬತ್ತು ಮಂದಿ ಸರಿಯಾದ ಕಥೆಯನ್ನೂ ಕಟ್ಟಿದರು. ಅಮೆರಿಕದವರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಪೂರ್ಣ ಸರಿಯಾಗಿ ಭಾಗಿಸಿದರು. ಕಥೆ ಕಟ್ಟಲು ಬಂದದ್ದು ಒಬ್ಬರಿಗೆ. ಸೋಜಿಗವೆಂದರೆ ಕಾಲೇಜು ಓದಿದವರು ಅಮೆರಿಕದವರು. ಚೀನಾದ ಶಿಕ್ಷಕರ ಔಪಚಾರಿಕ ಓದು ಅವರಿಗಿಂತ ಕಡಿಮೆ. ವ್ಯತ್ಯಾಸಕ್ಕೆ ಮಾ ಗುರುತಿಸಿದ ಕಾರಣಗಳಲ್ಲಿ ಒಂದು, ಚೀನಾದ ಶಾಲೆಗಳಲ್ಲಿ ವಿಷಯವಾರು ಶಿಕ್ಷಕರ ಗುಂಪುಗಳು ನಿಯಮಿತವಾಗಿ ಕೂತು ಪಠ್ಯವನ್ನೂ ಮಕ್ಕಳ ಉತ್ತರಗಳನ್ನೂ ಬಿಡಿಸಿ ನೋಡುವ ಪದ್ಧತಿ. ಜಪಾನಿನಲ್ಲೂ ಒಂದು ಪಾಠವನ್ನು ಹಲವರು ಸೇರಿ ಯೋಜಿಸಿ, ಒಬ್ಬರು ಪಾಠ ಮಾಡುವಾಗ ಉಳಿದವರು ಮಕ್ಕಳನ್ನು ಗಮನಿಸಿ, ಆಮೇಲೆ ತಿದ್ದುವ ಕ್ರಮ ಬಹುಕಾಲದಿಂದ ಇದೆ. ಇವೆರಡೂ ಶಾಲೆಯ ಉದಾಹರಣೆಗಳು, ಕಾಲೇಜಿನವಲ್ಲ, ನಿಜ. ಆದರೆ ವಿಷಯ ಗೊತ್ತಿರುವುದು ಬೇರೆ, ಅದು ಮಕ್ಕಳ ತಲೆಯಲ್ಲಿ ಹೇಗೆ ಸೊಟ್ಟಗಾಗುತ್ತದೆ ಎಂದು ಗೊತ್ತಿರುವುದು ಬೇರೆ, ಎರಡನೆಯದು ಎಂ.ಎಸ್ಸಿ. ಪದವಿಯಿಂದ ತಾನಾಗಿ ಬರುವುದಿಲ್ಲ ಎಂಬ ತತ್ತ್ವ ಕಾಲೇಜಿಗೂ ಅಷ್ಟೇ ಸಲ್ಲುತ್ತದೆ.

ನಮ್ಮಲ್ಲಿ ಈಗಿನ ಪರಿಸ್ಥಿತಿ ಇಂಥ ಕೂಟವನ್ನು ಇನ್ನಷ್ಟು ತುರ್ತಾಗಿಸಿದೆ. ಮಂಗಳೂರು ವಿಶ್ವವಿದ್ಯಾಲಯದ ಪದವಿ ತರಗತಿಗಳಿಗೆ 2019-20ರಲ್ಲಿ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ ಬಂತು, 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ, 2024-25ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿದಾಗ ಮತ್ತೊಂದು. ಆರು ವರ್ಷದೊಳಗೆ ಮೂರು ಪಠ್ಯಕ್ರಮ! ನಡುವಿನದ್ದು ಗಣಿತಕ್ಕೆ ಕಂಪ್ಯೂಟರ್ ಪ್ರಯೋಗಗಳನ್ನು ತಂದಿತು. ಸೈಲ್ಯಾಬ್, ಮ್ಯಾಕ್ಸಿಮಾ, ಪೈಥಾನ್‌ನಂಥ ಮುಕ್ತ ತಂತ್ರಾಂಶಗಳನ್ನು ಸೀಮೆಸುಣ್ಣ ಹಿಡಿದೇ ಬೆಳೆದ ಅಧ್ಯಾಪಕರು ತಾವೇ ಕಲಿತು ಕಲಿಸಬೇಕಾಯಿತು. ಪುತ್ತೂರಿನ ಎರಡು ಹಳೆಯ ಕಾಲೇಜುಗಳು ಈಗ ಸ್ವಾಯತ್ತ. ಅವು ತಮ್ಮದೇ ಅಧ್ಯಯನ ಮಂಡಳಿಯಲ್ಲಿ ಪಠ್ಯ ರೂಪಿಸುತ್ತವೆ. ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳು ವಿಶ್ವವಿದ್ಯಾಲಯದ ಪಠ್ಯದಲ್ಲಿವೆ. ಸ್ವಾಯತ್ತತೆ ಒಳ್ಳೆಯದೇ, ಆದರೆ ಹಿಂದೆ ಒಂದೇ ಪ್ರಶ್ನೆಪತ್ರಿಕೆಯ ನೆಪದಲ್ಲಿ ಸೇರುತ್ತಿದ್ದವರು ಇನ್ನು ಸೇರುವ ಕಾರಣವೇ ಉಳಿಯುವುದಿಲ್ಲ. ಪಿಯುನಲ್ಲಿ 2023-24ರಿಂದ ಗಣಿತದ ಲಿಖಿತ ಪರೀಕ್ಷೆ 80 ಅಂಕಕ್ಕೆ ಇಳಿದು 20 ಅಂಕ ಆಂತರಿಕವಾಯಿತು. ಆ ಇಪ್ಪತ್ತನ್ನು ಕಡಬದಲ್ಲೂ ಪುತ್ತೂರಿನಲ್ಲೂ ಒಂದೇ ತೂಕದಲ್ಲಿ ಅಳೆಯಬೇಕಾದರೆ ಅಳೆಯುವವರು ಒಮ್ಮೆಯಾದರೂ ಕೂತು ಒಪ್ಪಂದಕ್ಕೆ ಬರಬೇಡವೆ? ಇದರ ಮೇಲೆ ಭಾಷೆಯ ತೊಡಕು. ಮನೆಯಲ್ಲಿ ತುಳು, ಅರೆಭಾಷೆ, ಬ್ಯಾರಿ ಅಥವಾ ಮಲಯಾಳ ಆಡಿ, ಹತ್ತನೆಯವರೆಗೆ ಕನ್ನಡದಲ್ಲಿ ಲೆಕ್ಕ ಕಲಿತ ಮಕ್ಕಳು ಪಿಯು ವಿಜ್ಞಾನದಲ್ಲಿ ಏಕಾಏಕಿ ಇಂಗ್ಲಿಷಿಗೆ ಬೀಳುತ್ತಾರೆ. ಮೊದಲ ಮೂರು ತಿಂಗಳು ಅವರನ್ನು ಹೇಗೆ ದಾಟಿಸುವುದು ಎಂಬುದಕ್ಕೆ ಅನುಭವಿ ಅಧ್ಯಾಪಕರ ಬಳಿ ಉಪಾಯಗಳಿವೆ; ಅವು ಅವರೊಂದಿಗೇ ನಿವೃತ್ತವಾಗುತ್ತವೆ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಎಲ್ಲರ ಬಾಯಲ್ಲೂ ಬರುವಂಥದ್ದು: ಫಲಿತಾಂಶ ಚೆನ್ನಾಗಿಯೇ ಇದೆಯಲ್ಲ? ಹೌದು, 2024ರ ದ್ವಿತೀಯ ಪಿಯುನಲ್ಲಿ ದಕ್ಷಿಣ ಕನ್ನಡ ಶೇಕಡ 97.37ರೊಂದಿಗೆ ರಾಜ್ಯಕ್ಕೇ ಮೊದಲು. 2025ರಲ್ಲಿ ಶೇಕಡ 93.57 ಪಡೆದು ಉಡುಪಿಯ ಹಿಂದೆ ಎರಡನೆಯದು. ಹೆಮ್ಮೆಪಡಬೇಕಾದ ಅಂಕಿಗಳೇ. ಆದರೆ ಇವು ಎಲ್ಲ ವಿಷಯ ಸೇರಿದ ಉತ್ತೀರ್ಣತೆಯ ಲೆಕ್ಕ. ಗಣಿತ ಎಷ್ಟು ಅರ್ಥವಾಗಿದೆ ಎಂಬುದನ್ನು ಇವು ಹೇಳುವುದಿಲ್ಲ. ಹೆಜ್ಜೆಗೆ ಅಂಕವಿರುವ ಪತ್ರಿಕೆಯಲ್ಲಿ ಗೊತ್ತಿರುವ ಪ್ರಮೇಯ, ಪದೇ ಪದೇ ಬರುವ ಮಾದರಿಗಳನ್ನು ಅಭ್ಯಾಸ ಮಾಡಿ ಒಳ್ಳೆಯ ಅಂಕ ತೆಗೆಯಬಹುದು, ಮೇಲೆ ಹೇಳಿದ ತಪ್ಪನ್ನು ಒಳಗೇ ಇಟ್ಟುಕೊಂಡು ಮುಂದೆ ಹೋಗಲೂಬಹುದು. ಆ ಬಾಕಿ ವಸೂಲಾಗುವುದು ಪದವಿಯಲ್ಲಿ, ಎಂಜಿನಿಯರಿಂಗ್‌ನ ಮೊದಲ ಸೆಮಿಸ್ಟರಿನಲ್ಲಿ. ಫಲಿತಾಂಶ ಚೆನ್ನಾಗಿರುವ ಜಿಲ್ಲೆಗೆ ಇನ್ನೊಂದು ಅನುಕೂಲವೂ ಇದೆ: ಪಾಸು ಮಾಡಿಸುವ ಗಡಿಬಿಡಿ ಕಡಿಮೆ ಇರುವಲ್ಲಿ ತಿಳಿವಳಿಕೆಯ ಬಗ್ಗೆ ಯೋಚಿಸಲು ಬಿಡುವು ಹೆಚ್ಚು ಇರಬೇಕು.

ಎರಡನೆಯ ಆಕ್ಷೇಪ: ವಾಟ್ಸ್ಯಾಪ್ ಗುಂಪು, ಯೂಟ್ಯೂಬ್ ಪಾಠ ಇರುವಾಗ ಬಸ್ಸು ಹತ್ತಿ ಹೋಗಿ ಕೂರುವುದೇಕೆ? ಕರ್ನಾಟಕದ ಪ್ರೌಢಶಾಲಾ ಶಿಕ್ಷಕರಿಗಾಗಿ 2011ರಿಂದ ನಡೆದ ವಿಷಯ ಶಿಕ್ಷಕರ ವೇದಿಕೆಯು ಅಂತರಜಾಲದ ಮೂಲಕ ಸಂಪನ್ಮೂಲ ಹಂಚಿಕೆ ಸಾಧ್ಯವೆಂದು ತೋರಿಸಿತು. ಜಿಯೊಜಿಬ್ರಾದಂಥ ತಂತ್ರಾಂಶ ಹಳ್ಳಿಯ ಶಾಲೆಗಳಿಗೂ ಹೋಯಿತು. ಆ ವೇದಿಕೆ ಕೂಡ ಆರಂಭವಾದದ್ದು ಮುಖಾಮುಖಿ ತರಬೇತಿಯಿಂದ ಎಂಬುದನ್ನು ಮರೆಯಬಾರದು. ಸುತ್ತೋಲೆ, ಮಾದರಿ ಪ್ರಶ್ನೆಪತ್ರಿಕೆ, ಟಿಪ್ಪಣಿ ಇವನ್ನು ಹಂಚಲು ಫೋನು ಸಾಕು. ಆದರೆ “ಈ ಅಧ್ಯಾಯ ನನಗೇ ಸರಿಯಾಗಿ ಪಾಠ ಮಾಡಲು ಬರುತ್ತಿಲ್ಲ” ಎಂದು ಇನ್ನೂರು ಜನರ ಗುಂಪಿನಲ್ಲಿ, ಪ್ರಾಂಶುಪಾಲರೂ ಓದುವಲ್ಲಿ ಯಾರು ಬರೆಯುತ್ತಾರೆ? ಹದಿನೈದು ಇಪ್ಪತ್ತು ಜನ ಒಂದು ಮೇಜಿನ ಸುತ್ತ ಕೂತಾಗ, ಊಟದ ಹೊತ್ತಿಗೆ ಆ ಮಾತು ತಾನಾಗಿ ಬರುತ್ತದೆ. ಯೂಟ್ಯೂಬ್ ಒಳ್ಳೆಯ ಪಾಠವನ್ನು ತೋರಿಸಬಲ್ಲದು. ಸುಳ್ಯದ ಒಂದು ತರಗತಿಯ ಮಕ್ಕಳು ಬರೆದ ಉತ್ತರವನ್ನು ನೋಡಿ ಇವರು ಹೀಗೇಕೆ ಯೋಚಿಸಿದರು ಎಂದು ಕೇಳಲಾರದು.

ಮೂರನೆಯದು ಸ್ಪರ್ಧೆಯ ಪ್ರಶ್ನೆ. ಈ ಭಾಗದ ಖಾಸಗಿ ಪಿಯು ಕಾಲೇಜುಗಳು ರ್‍ಯಾಂಕು, ಸಿಇಟಿ, ಜೆಇಇ ಲೆಕ್ಕದಲ್ಲಿ ಒಂದಕ್ಕೊಂದು ಪೈಪೋಟಿಗೆ ನಿಂತಿವೆ. ತಮ್ಮ ಅಧ್ಯಾಪಕರ ಜಾಣ್ಮೆಯನ್ನು ಪಕ್ಕದ ಕಾಲೇಜಿಗೆ ಹಂಚಲು ಆಡಳಿತ ಮಂಡಳಿ ಏಕೆ ಒಪ್ಪೀತು? ಈ ಅಂಜಿಕೆ ಪೂರ್ತಿ ಆಧಾರವಿಲ್ಲದ್ದಲ್ಲ. ಆದರೆ ಪೈಪೋಟಿ ನಡೆಯುವುದು ಮುಂಚೂಣಿಯ ಕೆಲವೇ ವಿದ್ಯಾರ್ಥಿಗಳಿಗಾಗಿ. ನಾನು ಹೇಳುತ್ತಿರುವ ತಪ್ಪುಗಳು ತರಗತಿಯ ನಡುಭಾಗದವು, ಎಲ್ಲ ಕಾಲೇಜಿಗೂ ಸಮಾನವಾದವು. ಅಡಿಕೆಗೆ ಎಲೆಚುಕ್ಕಿ ರೋಗ ಬಂದಾಗ ಪಕ್ಕದ ತೋಟದವನಿಂದ ಔಷಧದ ಗುಟ್ಟು ಮುಚ್ಚಿಟ್ಟರೆ ರೋಗ ಬೇಲಿ ದಾಟಿ ಮತ್ತೆ ನಮ್ಮಲ್ಲಿಗೇ ಬರುತ್ತದೆ. ಕಲಿಕೆಯ ದೋಷದ ಗತಿಯೂ ಹೀಗೆಯೇ, ಏಕೆಂದರೆ ಒಂದು ಪಿಯುವಿನ ವಿದ್ಯಾರ್ಥಿ ಇನ್ನೊಂದರ ಪದವಿ ತರಗತಿಯಲ್ಲಿ ಬಂದು ಕೂರುತ್ತಾನೆ. ಅಲ್ಲದೆ ಉತ್ತರಪತ್ರಿಕೆಯಲ್ಲಿ ಹೆಸರು, ಕಾಲೇಜು ಮುಚ್ಚಿ ತಂದರೆ ಯಾರ ಮಾನವೂ ಹೋಗದು.

ನಾಲ್ಕನೆಯ ಆಕ್ಷೇಪ ಅತ್ಯಂತ ಗಟ್ಟಿಯಾದದ್ದು, ಏಕೆಂದರೆ ಅದು ಅನುಭವದಿಂದ ಬಂದದ್ದು. ಇಂಥ ಸಭೆಗಳು ಕೊನೆಗೆ ಏನಾಗುತ್ತವೆ ಎಂದು ಎಲ್ಲರಿಗೂ ಗೊತ್ತು: ಪ್ರಾರ್ಥನೆ, ದೀಪ ಬೆಳಗುವುದು, ಐದು ಜನರ ಭಾಷಣ, ಶಾಲು, ಸ್ಮರಣಿಕೆ, ಗ್ರೂಪ್ ಫೋಟೊ, ಊಟ, ಪ್ರಮಾಣಪತ್ರ. ಬಡ್ತಿಯ ಕಡತಕ್ಕೆ ಒಂದು ಹಾಳೆ ಸೇರುತ್ತದೆ, ಪಾಠಕ್ಕೆ ಏನೂ ಸೇರುವುದಿಲ್ಲ. ಓಓಡಿ (ಅನ್ಯ ಕರ್ತವ್ಯ) ಹಾಕಿ ಬಂದವರ ತರಗತಿಗಳು ಮಾತ್ರ ಬಾಕಿ ಉಳಿಯುತ್ತವೆ. ಅತಿಥಿ ಉಪನ್ಯಾಸಕರ ಸಂಗತಿ ಇನ್ನೂ ಕಷ್ಟದ್ದು. ರಾಜ್ಯದ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳ ಪಾಠ ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಬಲದಿಂದ; ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ತಿಳಿಯದವರಿಗೆ ಬಡ್ತಿಯ ಪ್ರಮಾಣಪತ್ರದಿಂದ ಆಗಬೇಕಾದ್ದೇನು? ಅವರನ್ನು ಬಿಟ್ಟು ಕಾಯಂ ಅಧ್ಯಾಪಕರಷ್ಟೇ ಸೇರಿದರೆ ಸಭೆ ಅರ್ಧ ಸತ್ತಂತೆ. ಈ ಆಕ್ಷೇಪಕ್ಕೆ ಉತ್ತರ ಸಭೆಯನ್ನು ಕೈಬಿಡುವುದರಲ್ಲಿಲ್ಲ, ಅದರ ರೂಪವನ್ನು ಬದಲಿಸುವುದರಲ್ಲಿದೆ. ಉದ್ಘಾಟನೆ ಇಲ್ಲದ, ಮುಖ್ಯ ಅತಿಥಿ ಇಲ್ಲದ, ಪ್ರಮಾಣಪತ್ರ ಕೊಡದ ಸಭೆಗೆ ಬರುವವರು ಕಡಿಮೆಯಾದಾರು; ಬಂದವರು ಕೆಲಸಕ್ಕಾಗಿ ಬಂದಿರುತ್ತಾರೆ. ಅತಿಥಿ ಉಪನ್ಯಾಸಕರಿಗೆ ಆ ದಿನವನ್ನು ಕರ್ತವ್ಯದ ದಿನವೆಂದು ಲೆಕ್ಕ ಹಾಕಿ, ಬಸ್ ಚಾರ್ಜು ಕೊಡುವುದು ಕಾಲೇಜು ಅಭಿವೃದ್ಧಿ ಸಮಿತಿಗೆ ದೊಡ್ಡ ಹೊರೆಯಲ್ಲ.

ಹಾಗಾದರೆ ರೂಪ ಹೇಗಿರಬೇಕು? ವರ್ಷಕ್ಕೆ ಎರಡೇ ದಿನ ಸಾಕು. ಒಂದು, ಸೆಮಿಸ್ಟರಿನ ನಡುವೆ, ಮಳೆಗಾಲದ ರಜೆಗಳ ಗೊಂದಲ ಮುಗಿದ ಮೇಲೆ. ಇನ್ನೊಂದು, ಮೌಲ್ಯಮಾಪನ ಮುಗಿದ ಕೂಡಲೆ, ನೋಡಿದ ತಪ್ಪುಗಳು ಇನ್ನೂ ತಲೆಯಲ್ಲಿ ಹಸಿಯಾಗಿರುವಾಗ. ಒಮ್ಮೆ ಪುತ್ತೂರು, ಒಮ್ಮೆ ಸುಳ್ಯ, ಒಮ್ಮೆ ಕಡಬ ಎಂದು ಸುತ್ತು ಬಂದರೆ ಯಾವ ಒಂದು ಸಂಸ್ಥೆಯ ಯಜಮಾನಿಕೆಯೂ ಆಗುವುದಿಲ್ಲ. ಸುಳ್ಯದಿಂದ ಮಂಗಳೂರು ವಿಶ್ವವಿದ್ಯಾಲಯವಿರುವ ಕೊಣಾಜೆಯ ಮಂಗಳಗಂಗೋತ್ರಿಗೆ ಹೋಗಿ ಬರುವುದೆಂದರೆ ಇಡೀ ದಿನದ ಪ್ರಯಾಣ. ಈ ಮೂರು ಪೇಟೆಗಳ ನಡುವೆಯಾದರೆ ಬೆಳಿಗ್ಗೆ ಹೊರಟು ಹತ್ತು ಗಂಟೆಗೆ ಕೂತು ಕೆಲಸ ಶುರುಮಾಡಬಹುದು. ಪ್ರತಿಯೊಬ್ಬರೂ ತರಬೇಕಾದದ್ದು ಇಷ್ಟೆ: ತಮ್ಮ ತರಗತಿಯಲ್ಲಿ ಮತ್ತೆ ಮತ್ತೆ ಕಂಡ ಮೂರು ತಪ್ಪು, ಹೆಸರು ಮುಚ್ಚಿದ ಉತ್ತರಗಳ ಪ್ರತಿ, ಅದನ್ನು ತಿದ್ದಲು ತಾವು ಮಾಡಿ ನೋಡಿದ ಒಂದು ಉಪಾಯ, ಅದು ಸೋತಿದ್ದರೂ ಸರಿ. ಪಿಯು, ಪದವಿ ಇಬ್ಬರೂ ಇರಲಿ. ಆಗಾಗ ಪ್ರೌಢಶಾಲೆಯ ಇಬ್ಬರು ಮೂವರು ಬರಲಿ. ಸಂಜೆಯ ಹೊತ್ತಿಗೆ ನಾಲ್ಕು ಪುಟದ ಟಿಪ್ಪಣಿ ಕನ್ನಡದಲ್ಲಿ ಸಿದ್ಧವಾಗಿ ಎಲ್ಲ ಕಾಲೇಜುಗಳಿಗೆ ಹೋಗಲಿ. ಪುತ್ತೂರಿನ ಬಾಲವನದಲ್ಲಿ ಕೂತು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನೂ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನೂ ಕನ್ನಡದಲ್ಲಿ ಬರೆದ ಶಿವರಾಮ ಕಾರಂತರ ನೆಲದಲ್ಲಿ ನಾಲ್ಕು ಪುಟ ಬರೆಯುವುದು ದೊಡ್ಡ ಸಂಗತಿಯಾಗಬಾರದು. ಹತ್ತು ವರ್ಷ ನಡೆದರೆ ಇಪ್ಪತ್ತು ಟಿಪ್ಪಣಿಗಳಾಗುತ್ತವೆ; ಹೊಸದಾಗಿ ಕೆಲಸಕ್ಕೆ ಸೇರುವ ಅಧ್ಯಾಪಕರಿಗೆ ಅದಕ್ಕಿಂತ ಉಪಯುಕ್ತ ಪುಸ್ತಕ ಬೇರೊಂದು ಸಿಗಲಾರದು.

ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ವಿಶ್ವವಿದ್ಯಾಲಯದ ಅನುದಾನವೂ ಬೇಕಿಲ್ಲ. ಒಂದು ಕೋಣೆ, ಒಂದು ಕರಿಹಲಗೆ, ಪ್ರಾಂಶುಪಾಲರ ಒಪ್ಪಿಗೆ ಇದ್ದರೆ ಸಾಕು. ಮೂರು ತಾಲ್ಲೂಕಿನಿಂದ ತಲಾ ಒಬ್ಬರಂತೆ ಮೂವರು ಗಣಿತ ಅಧ್ಯಾಪಕರು ಈ ಬಾರಿಯ ಮೌಲ್ಯಮಾಪನ ಮುಗಿಯುವ ಮೊದಲೇ ಒಂದು ದಿನಾಂಕ ಗೊತ್ತುಮಾಡಲಿ. ಮಕ್ಕಳು ಗಣಿತದಲ್ಲಿ ಹಿಂದೆ ಎಂದು ದೂರುವ ಹಕ್ಕು ಆ ಸಭೆಗೆ ಹೋದವರಿಗಷ್ಟೇ ಇರಲಿ.